ಇನ್ನೊಂದೇ ಒಂದು ಸುತ್ತು

ನಮ್ಮ ಮನೆಯವರೆಲ್ಲ ಒಟ್ಟಿಗೆ ಹೊರಗೆ ಹೊರಟರೆ ಬಾಗಿಲಿನ ಬೀಗಕ್ಕೆ ನಾಲ್ಕು ಸಲ ಜಗ್ಗಿಸಿಕೊಳ್ಳುವ ಯೋಗ. ಹಾಕಿದವರು ಒಮ್ಮೆ ಜಗ್ಗುತ್ತಾರೆ, ಅದು ನ್ಯಾಯವೇ. ಉಳಿದವರು, ಲಿಫ್ಟು ಇನ್ನೂ ಮೇಲೆ ಬಂದಿಲ್ಲ ಎಂಬ ನೆಪದಲ್ಲಿ, ಛತ್ರಿ ಮರೆತೆನೇನೋ ಎಂಬ ನೆಪದಲ್ಲಿ, ಒಬ್ಬೊಬ್ಬರಾಗಿ ಹಿಂದಿರುಗಿ ಬಂದು ತಲಾ ಒಂದು ಸಲ ಜಗ್ಗಿ ಹೋಗುತ್ತಾರೆ. ಇದರಲ್ಲಿ ಯಾರಿಗೂ ಯಾರ ಮೇಲೂ ಅನುಮಾನವಿಲ್ಲ, ಬೀಗದ ಮೇಲಂತೂ ಮೊದಲೇ ಇಲ್ಲ. ಬಸ್ಸು ಗುಡಿಯ ಮುಂದೆ ಹಾದುಹೋಗುವಾಗ ಕೈ ತಾನಾಗಿ ಎದೆಗೆ ಹೋಗುತ್ತದಲ್ಲ, ಹಾಗೆ. ಸಯನ್ನಿನ ನಮ್ಮ ಬಿಲ್ಡಿಂಗಿನ ವಾಚ್‌ಮನ್ ಒಂದು ದಿನ, ಒಳಗೆ ಅಂಥದ್ದೇನು ಇಟ್ಟಿದ್ದೀರಿ ಸಾಹೇಬರೇ, ಎಂದು ಕೇಳಿಯೇಬಿಟ್ಟ. ಏನಿದೆ ಹೇಳಿ. ಕಾಲು ಅಲ್ಲಾಡುವ ಒಂದು ಸೋಫಾ, ಅಮ್ಮನ ಹಿತ್ತಾಳೆ ಪಾತ್ರೆಗಳು, ಮತ್ತು ಕಳೆದ ವರ್ಷದಿಂದ ಒಂದು ಬಂದೂಕು.

ಬಂದೂಕು ಎಂದ ಕೂಡಲೇ ಸರಿದು ಕೂರಬೇಡಿ. ಇದು ಗಾಳಿ ಬಂದೂಕು. ಅದರಿಂದ ಹಾರುವುದು ಕೊತ್ತಂಬರಿ ಬೀಜದಷ್ಟು ಸೀಸದ ಗುಂಡು, ಸಾಯುವುದು ಕಾಗದ. ಅದರ ಒಡೆತನವೂ ನನ್ನದಲ್ಲ, ನನ್ನ ಹೆಂಡತಿ ಸುಮತಿಯದು. ಮಕ್ಕಳಿಗೆ ಗಣಿತ ಹೇಳಿಕೊಟ್ಟು ನಿವೃತ್ತಳಾದ ಟೀಚರು ಅವಳು. ಕಣ್ಣಿನ ಪೊರೆ ತೆಗೆಸಿ ಹೊಸ ಲೆನ್ಸು ಹಾಕಿಸಿಕೊಂಡು ಬಂದ ವಾರ, ಫ್ಯಾನಿನ ಮೇಲಿನ ಧೂಳು, ನನ್ನ ಗದ್ದದ ಕೆಳಗೆ ರೇಜರು ತಪ್ಪಿಸಿಕೊಂಡ ಜಾಗ, ಎದುರು ಬಿಲ್ಡಿಂಗಿನವರು ಒಣಗಲು ಹಾಕಿದ ಹಪ್ಪಳದ ಅಂಚು, ಎಲ್ಲವೂ ಅವಳಿಗೆ ಒಟ್ಟಿಗೇ ಕಾಣತೊಡಗಿದವು. ಅಂಥ ಕಣ್ಣನ್ನು ದಿನವಿಡೀ ಮನೆಯೊಳಗೇ ಇಟ್ಟುಕೊಳ್ಳುವುದು ಉಳಿದವರಿಗೆ ಕ್ಷೇಮವಲ್ಲ. ಆದ್ದರಿಂದ ಅವಳ ಹಳೆಯ ಸಹೋದ್ಯೋಗಿಯೊಬ್ಬರು ವಿಕ್ರೋಳಿ ಕಡೆಯ ಒಂದು ರೈಫಲ್ ಕ್ಲಬ್ಬಿಗೆ ಅವಳನ್ನು ಕರೆದೊಯ್ಯುತ್ತೇನೆಂದಾಗ ನಾನು ಅಡ್ಡ ಮಾತಾಡಲಿಲ್ಲ.

ಅಲ್ಲಿ ಹಿರಿಯರಿಗೆಂದೇ ಹೇಳಿಮಾಡಿಸಿದಂಥ ಒಂದು ಆಟವಿದೆ. ಓಡಬೇಕಾಗಿಲ್ಲ, ನಿಲ್ಲಬೇಕಾಗಿಲ್ಲ. ಮೇಜಿನ ಮೇಲೆ ಒಂದು ಆಸರೆ, ಆಸರೆಯ ಮೇಲೆ ಬಂದೂಕು, ಕುರ್ಚಿಯಲ್ಲಿ ನಾವು. ದೂರದ ಗೋಡೆಯ ಹತ್ತಿರ ಕಾಗದದ ಮೇಲೆ ಸಾಲಾಗಿ ಪುಟ್ಟ ಪುಟ್ಟ ವೃತ್ತಗಳು. ಒಂದೊಂದು ವೃತ್ತಕ್ಕೆ ಒಂದೊಂದು ಗುಂಡು. ಉತ್ತರಪತ್ರಿಕೆ ತಿದ್ದಿ ತಿದ್ದಿ ಕೈಯನ್ನು ಅಲ್ಲಾಡದಂತೆ ಮಾಡಿಕೊಂಡವಳಿಗೆ ಇದು ಮೊದಲ ದಿನವೇ ಹಿಡಿಸಿತು. ಕೆಲವೇ ತಿಂಗಳಲ್ಲಿ ಅವಳ ಗುಂಡುಗಳು ಒಂದೊಂದು ವೃತ್ತದ ನಟ್ಟನಡುವೆಯೇ ಬೀಳತೊಡಗಿದವು. ಕ್ಲಬ್ಬಿನ ತರಬೇತುದಾರ ಸಾವಂತರು, ಅಂತರ ಕ್ಲಬ್ ಪಂದ್ಯಕ್ಕೆ ಹಿರಿಯರ ತಂಡದಲ್ಲಿ ಒಂದು ಜಾಗ ಖಾಲಿ ಇದೆ, ಬರುವ ತಿಂಗಳು ಒಂದು ಭಾನುವಾರ ಆಯ್ಕೆಯ ಟ್ರಯಲ್ ಇದೆ, ನೀವೂ ಬನ್ನಿ ಆಂಟಿ, ಎಂದರು.

ನನಗೆ ಇದು ಒಂದು ಸುದ್ದಿ ಮಾತ್ರ. ಸುಮತಿಗೆ ಎಂಥದ್ದೆಂದು ಅವಳ ಮುಖ ನೋಡಿ ತಿಳಿಯಿತು. ಚುನಾವಣೆ ಡ್ಯೂಟಿ, ಜನಗಣತಿ ಡ್ಯೂಟಿ, ಪರೀಕ್ಷೆ ಡ್ಯೂಟಿ ಎಂದು ಜೀವಮಾನವಿಡೀ ಅವಳನ್ನು ನೇಮಿಸಿದ್ದಾರೆಯೇ ಹೊರತು ಯಾರೂ ಆರಿಸಿಲ್ಲ. ಆರಿಸಿದ್ದು ಅಂತ ಲೆಕ್ಕಕ್ಕೆ ತಗೊಂಡರೆ ನಾನೊಬ್ಬ ಆರಿಸಿದ್ದೇನೆ, ಅದೂ ಹಿರಿಯರು ಹುಡುಗಿಯನ್ನು ಗೊತ್ತು ಮಾಡಿ, ಮುಹೂರ್ತ ಇಟ್ಟು, ನಿನಗೆ ಒಪ್ಪಿಗೆ ತಾನೇ ಎಂದು ಕೇಳಿದ ಮೇಲೆ.

ಈಗ ಮನೆಯ ಉಳಿದವರನ್ನು ಪರಿಚಯಿಸದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಒಬ್ಬಳು ನನ್ನ ಅಮ್ಮ. ನಾವು ಸಾಲು ಕೋಣೆಗಳ ಚಾಳಿನಲ್ಲಿದ್ದಾಗ ನೀರು ಬೆಳಗಿನ ಜಾವ ಬಂದು, ಕೊಡ ತುಂಬುವಷ್ಟರಲ್ಲಿ ಹೋಗಿಬಿಡುತ್ತಿತ್ತು. ಆ ಕಾಲದ ಅಮ್ಮನಿಗೆ ನಲ್ಲಿ ನಿಲ್ಲಿಸುವುದು ಎಂದರೆ ಅದರ ಕತ್ತು ಹಿಸುಕುವುದು. ಈಗ ಟ್ಯಾಂಕು ತುಂಬ ನೀರಿದೆ, ಅಮ್ಮನ ಮುಷ್ಟಿಗೆ ಮಾತ್ರ ಆ ಸುದ್ದಿ ಇನ್ನೂ ತಲುಪಿಲ್ಲ. ನಲ್ಲಿಯೊಳಗಿನ ವಾಷರು ನಮ್ಮ ಮನೆಯಲ್ಲಿ ಒಂದು ಮಳೆಗಾಲ ಕಂಡರೆ ಹೆಚ್ಚು. ಪ್ಲಂಬರು ಬಂದು, ನಿಮ್ಮ ಮನೆಯಲ್ಲಿ ಪೈಲ್ವಾನರಿದ್ದಾರಾ ಎಂದು ಕೇಳಿದಾಗ ಅಮ್ಮ ಸೆರಗು ಸರಿಮಾಡಿಕೊಂಡು ಸಂಕೋಚದಿಂದ ನಕ್ಕಳು. ಹೊಗಳಿದ ಎಂದುಕೊಂಡಿದ್ದಳು.

ಇನ್ನೊಬ್ಬರು ಶ್ರೀಕಂಠ ಭಾವ, ಸುಮತಿಯ ಅಣ್ಣ. ಎದುರು ವಿಂಗಿನಲ್ಲಿ ಒಬ್ಬರೇ ಇದ್ದಾರೆ, ಊಟ ತಿಂಡಿ ನಮ್ಮಲ್ಲಿ. ಪರೇಲಿನ ಬಟ್ಟೆ ಮಿಲ್ಲೊಂದರಲ್ಲಿ ಮಗ್ಗಗಳ ದೇಖರೇಖಿ ನೋಡಿಕೊಳ್ಳುತ್ತಿದ್ದವರು. ನೂರಾರು ಮಗ್ಗ ಒಟ್ಟಿಗೆ ಕುಣಿಯುವಾಗ ನೆಲವೇ ನಡುಗುತ್ತಿತ್ತಂತೆ. ಬೆಳಿಗ್ಗೆ ಬಿಗಿದ ಬೋಲ್ಟು ಸಂಜೆಗೆ ಕಳಚಿ ಕಾಲ ಬುಡಕ್ಕೆ ಉರುಳಿ ಬರುತ್ತಿತ್ತಂತೆ. ಆದ್ದರಿಂದ ಭಾವ ಏನನ್ನಾದರೂ ಬಿಗಿದರೆ ಅವರ ಕತ್ತಿನ ನರ ಕಾಣಬೇಕು, ಇಲ್ಲದಿದ್ದರೆ ಬಿಗಿದ ಹಾಗೆ ಅಲ್ಲ. ಆ ಮಿಲ್ಲಿನ ಜಾಗದಲ್ಲಿ ಈಗ ಗಾಜಿನ ಆಫೀಸು ನಿಂತಿದೆ. ಅದರ ಮುಂದೆ ಹೋದಾಗಲೆಲ್ಲ ಭಾವ ಕತ್ತೆತ್ತಿ ನೋಡಿ, ಈ ಗಾಜುಗಳನ್ನು ಯಾರು ಬಿಗಿದರೋ ಏನೋ, ಎಂದು ಫುಟ್‌ಪಾತಿನ ಅಂಚಿಗೆ ಸರಿದು ನಡೆಯುತ್ತಾರೆ.

ಮೂರನೆಯವನು ನಾನು. ವಿಕ್ರೋಳಿಯ ಕಾರ್ಖಾನೆಯೊಂದರ ಖರೀದಿ ವಿಭಾಗದಲ್ಲಿದ್ದವನು. ಲಕ್ಷಗಟ್ಟಲೆ ಸ್ಕ್ರೂ ಕೊಂಡಿದ್ದೇನೆ, ಒಂದನ್ನೂ ತಿರುಗಿಸಿಲ್ಲ. ಆದರೂ ನಮ್ಮ ಬಳಗದಲ್ಲಿ ಸ್ಕ್ರೂ ಎಂದರೆ ನನ್ನನ್ನು ಕೇಳುತ್ತಾರೆ. ಮದುವೆಗೆ ಜವಳಿ ಕೊಂಡು ತಂದವನನ್ನೇ ಪುರೋಹಿತನ ಮಣೆಯ ಮೇಲೆ ಕೂರಿಸಿದ ಹಾಗೆ. ಕೂರಿಸಿದ ಮೇಲೆ ನಾನೂ ಎದ್ದಿಲ್ಲ, ಮಂತ್ರ ಹೇಳುತ್ತಲೇ ಬಂದಿದ್ದೇನೆ.

ಈ ಮೂವರ ನಡುವೆ ಸುಮತಿ ತನ್ನ ಬಂದೂಕಿಗೆ ಹೊಸ ಸ್ಕೋಪು ಕೂರಿಸಿಕೊಂಡು ಮನೆಗೆ ಬಂದಳು. ಸ್ಕೋಪು ಎಂದರೆ ಬಂದೂಕಿನ ಬೆನ್ನ ಮೇಲೆ ಕೂರುವ ದುರ್ಬೀನು. ಅಮ್ಮ ಅದನ್ನು ದುರ್ಬೀನೆಂದೇ ಕರೆಯುವುದು. ಅದನ್ನು ಹಿಡಿದಿಡುವುದು ಎರಡು ಲೋಹದ ಉಂಗುರಗಳು. ಒಂದೊಂದು ಉಂಗುರವೂ ಎರಡು ಹೋಳು. ಕೆಳಗಿನ ಹೋಳಿನಲ್ಲಿ ದುರ್ಬೀನನ್ನು ಮಲಗಿಸಿ, ಮೇಲಿನ ಹೋಳನ್ನು ಹೊದಿಸಿ, ನಾಲ್ಕು ಮೂಲೆಗೆ ನಾಲ್ಕು ಪುಟ್ಟ ಸ್ಕ್ರೂ ಹಾಕುವುದು. ಸಾವಂತರು ಇದನ್ನು ಹೇಳಿಕೊಟ್ಟ ರೀತಿಯನ್ನು ಸುಮತಿ ನನಗೆ ಎರಡೆರಡು ಸಲ ವರ್ಣಿಸಿದ್ದಾಳೆ. ಮೊದಲು ಸ್ಕ್ರೂವಿನ ಎಣ್ಣೆ ಜಿಡ್ಡು ಒರೆಸಬೇಕು. ಎಣ್ಣೆ ಇದ್ದರೆ ಅದು ಜಾರಿ ಜಾರಿ, ನಮಗೆ ತಿಳಿಯದಂತೆಯೇ ಬೇಕಾದ್ದಕ್ಕಿಂತ ಒಳಗೆ ಹೋಗಿಬಿಡುತ್ತದೆ. ಒಂದು ಸ್ಕ್ರೂವನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗಬಾರದು. ಈ ಮೂಲೆಗೆ ಚೂರು, ಎದುರು ಮೂಲೆಗೆ ಚೂರು, ಹೀಗೆ ಅಡ್ಡಡ್ಡ ಹೋಗಬೇಕು. ಉಂಗುರದ ಎರಡು ಹೋಳುಗಳ ನಡುವಿನ ಸಂದು ಎರಡೂ ಪಕ್ಕದಲ್ಲಿ ಒಂದೇ ಸಮ ಇರಬೇಕು. ಎಲ್ ಆಕಾರದ ಕೀ ಇರುತ್ತದಲ್ಲ, ಅದರ ಉದ್ದ ಕಾಲನ್ನು ಸ್ಕ್ರೂವಿನೊಳಗೆ ಇಟ್ಟು, ಗಿಡ್ಡ ಕಾಲನ್ನು ಎರಡು ಬೆರಳಲ್ಲಿ ತಿರುಗಿಸಬೇಕು. ಉಲ್ಟಾ ಹಿಡಿದರೆ ಮಗುವಿನ ಕೈಗೂ ಭೀಮನ ಬಲ ಬರುತ್ತದೆ. "ಮುಠ್ಠಿ ಸೇ ನಹೀ ಆಂಟಿ, ಉಂಗ್ಲಿ ಸೇ," ಎಂದರಂತೆ ಸಾವಂತರು. ಮುಷ್ಟಿಯದಲ್ಲ, ಬೆರಳಿನ ಕೆಲಸ.

ಯಾಕೆ ಇಷ್ಟು ನಾಜೂಕು ಎಂದರೆ, ದುರ್ಬೀನಿನ ಹೊರಗಿನ ಕೊಳವೆ ತೆಳು ಅಲ್ಯೂಮಿನಿಯಮ್ಮು. ಅದರೊಳಗೆ ಗಾಜುಗಳನ್ನು ಹೊತ್ತ ಇನ್ನೊಂದು ಸಣ್ಣ ಕೊಳವೆ ಸ್ಪ್ರಿಂಗಿನ ಮೇಲೆ ಒರಗಿಕೊಂಡಿರುತ್ತದೆ. ಮೇಲೆ ಒಂದು, ಪಕ್ಕದಲ್ಲಿ ಒಂದು ತಿರುಪು. ಅವನ್ನು ತಿರುವಿದರೆ ಒಳಗಿನ ಕೊಳವೆ ಕೂದಲೆಳೆಯಷ್ಟು ಜರುಗಿ ಗುರಿ ಸರಿಯಾಗುತ್ತದೆ. ಉಂಗುರ ಸಡಿಲವಾದರೆ ದುರ್ಬೀನೇ ಜಾರುತ್ತದೆ, ಅದು ಎಲ್ಲರಿಗೂ ಗೊತ್ತು. ಉಂಗುರ ಅತಿ ಬಿಗಿಯಾದರೆ ಹೊರಗಿನ ಕೊಳವೆ ಅಮುಕಿಕೊಂಡು ಒಳಗಿನದಕ್ಕೆ ಉಸಿರು ಕಟ್ಟುತ್ತದೆ, ಅದು ಯಾರಿಗೂ ಗೊತ್ತಿಲ್ಲ. ಜರುಗು ಎಂದಾಗ ಜರುಗುವುದಿಲ್ಲ, ಬೇಡ ಎಂದಾಗ ಥಟ್ಟನೆ ಜರುಗುತ್ತದೆ. ಸಿಟ್ಟಾದ ನೆಂಟರ ಹಾಗೆ.

ನನಗೆ ಕನ್ನಡ ಕಲಿಸಿದವರು ಮಾಟುಂಗದ ಒಂದೂವರೆ ಕೋಣೆಯಲ್ಲಿ ನಮ್ಮೊಂದಿಗಿದ್ದ ಅಜ್ಜಿ. ಮೈಸೂರು ಬಿಟ್ಟು ಬರುವಾಗ ಅವರು ತಂದಿದ್ದರಲ್ಲಿ ಸವೆಯದೆ ಉಳಿದದ್ದು ಮಾತೊಂದೇ. ಅವರ ಬಾಯಲ್ಲಿ ಬಿಗಿ ಬೇರೆ, ಭದ್ರ ಬೇರೆ. ನನ್ನ ಅಕ್ಕನಿಗೆ ಅಮ್ಮ ಜಡೆ ಹಾಕಿದರೆ ಹುಬ್ಬು ಹಣೆಯ ಅರ್ಧಕ್ಕೆ ಏರಿ, ಹುಡುಗಿ ದಿನವಿಡೀ ಆಶ್ಚರ್ಯಪಟ್ಟವಳಂತೆ ಕಾಣುತ್ತಿದ್ದಳು. ಅಜ್ಜಿ ಹಾಕಿದ ಜಡೆ ಬೆನ್ನ ಮೇಲೆ ತನ್ನಷ್ಟಕ್ಕೆ ಮಲಗಿರುತ್ತಿತ್ತು, ಶಾಲೆ ಮುಗಿಸಿ ಕುಂಟೆಬಿಲ್ಲೆ ಆಡಿ ಬಂದರೂ ಬಿಚ್ಚುತ್ತಿರಲಿಲ್ಲ. ಬಿಗಿಯಾದದ್ದು ಕೈಯ ಜೋರು ತೋರಿಸುತ್ತದೆ, ಭದ್ರವಾದದ್ದು ಕೈ ಇತ್ತೆಂಬುದನ್ನೇ ಮರೆಸುತ್ತದೆ. ತಂಬೂರಿಯವರನ್ನು ನೋಡಿ. ಬಿರಡೆ ತಿರುವುತ್ತ ಕಿವಿ ತಂತಿಗೆ ಇಟ್ಟಿರುತ್ತಾರೆ, ಸ್ವರ ಬಂದ ಕ್ಷಣಕ್ಕೆ ಕೈ ತೆಗೆಯುತ್ತಾರೆ. ಯಾವ ತಂಬೂರಿಯವರೂ, ಇರಲಿ, ಕಛೇರಿ ಉದ್ದವಿದೆ, ಭದ್ರಕ್ಕೆ ಇನ್ನೊಂದು ಸುತ್ತು, ಎಂದು ತಿರುವಿದ್ದನ್ನು ನಾನು ಕಂಡಿಲ್ಲ.

ಸಾವಂತರ ಹತ್ತಿರ ಒಂದು ವಿಶೇಷ ಸ್ಕ್ರೂಡ್ರೈವರ್ ಇದೆಯಂತೆ. ಇಷ್ಟೇ ಬಿಗಿ ಎಂದು ಮೊದಲೇ ಹೇಳಿಟ್ಟರೆ, ಅಷ್ಟಾದ ಕೂಡಲೇ ಟಕ್ ಎಂದು ಸದ್ದು ಮಾಡಿ ಕೈಬಿಡುತ್ತದೆ, ಆಮೇಲೆ ಎಷ್ಟು ತಿರುಗಿಸಿದರೂ ಸ್ಕ್ರೂವಿಗೆ ತಾಕುವುದಿಲ್ಲ. ನಾಲಿಗೆಗೂ ಇಂಥದೊಂದು ಸಿಗುವ ಹಾಗಿದ್ದರೆ ಮೊದಲ ಗಿರಾಕಿ ನಾನೇ.

ಇಷ್ಟೆಲ್ಲ ಜ್ಞಾನ ನನಗೆ ಆಮೇಲೆ ಬಂದದ್ದು. ಅವಳು ಸ್ಕೋಪು ಕೂರಿಸಿಕೊಂಡು ಬಂದ ದಿನ ನಾನು ಮಾಡಿದ್ದಿಷ್ಟೆ: ಅವಳು ಸ್ನಾನಕ್ಕೆ ಹೋದಾಗ ಬಂದೂಕಿನ ಡಬ್ಬಿ ತೆರೆದು, ಪಕ್ಕದಲ್ಲೇ ಇದ್ದ ಕೀಯನ್ನು ತೆಗೆದುಕೊಂಡು, ಒಂದೊಂದು ಸ್ಕ್ರೂವಿಗೂ ಅರ್ಧ ಸುತ್ತು ಕೊಟ್ಟೆ. ಸಂಶಯದಿಂದಲ್ಲ. ಹೆಂಡತಿಯ ಸಾಮಾನು, ಒಂದು ಕೈ ನಮ್ಮದೂ ಇರಲಿ ಎಂದು. ಡಬ್ಬಿ ಮುಚ್ಚಿ ಪೇಪರು ಹಿಡಿದು ಕೂತೆ. ಒಳ್ಳೆಯ ಗಂಡನ ಸಮಾಧಾನ ಮೈತುಂಬ ಇತ್ತು.

ಆ ವಾರದಿಂದ ಸುಮತಿಯ ಗುಂಡುಗಳು ದಾರಿ ತಪ್ಪಿದವು. ಒಂದು ಎಡಕ್ಕೆ, ಒಂದು ಮೇಲಕ್ಕೆ. ತಿರುಪು ತಿರುವಿ ಸರಿಮಾಡಿದರೆ ಮುಂದಿನ ನಾಲ್ಕು ಗುಂಡು ಸರಿ, ಐದನೆಯದು ಎಲ್ಲಿಗೋ. ಸಾವಂತರು ಉಂಗುರದ ಸ್ಕ್ರೂಗಳಿಗೆ ಕೀ ಇಟ್ಟು ನೋಡಿದರಂತೆ. ಎಲ್ಲ ಗಟ್ಟಿಯಾಗಿಯೇ ಇದ್ದವು. ಸಡಿಲವಿದೆಯೇ ಎಂದು ನೋಡುವವರಿಗೆ ಗಟ್ಟಿ ಇದ್ದರೆ ಆಯಿತು. ಎಷ್ಟು ಗಟ್ಟಿ ಎಂದು ಯಾರೂ ಕೇಳುವುದಿಲ್ಲ. ಬಂದೂಕಿನಲ್ಲಿ ದೋಷವಿಲ್ಲ, ಸ್ಕೋಪು ಹೊಸದು. ಇನ್ನು ಉಳಿದದ್ದು ಹಿಂದೆ ಕೂತವರು. ಸಾವಂತರು ಒಳ್ಳೆಯ ಮನುಷ್ಯ. ಬಹಳ ಮೆತ್ತಗೆ, ಆಂಟಿ, ವಯಸ್ಸಾದ ಮೇಲೆ ಕೆಲವು ದಿನ ಹೀಗೆ ಆಗುತ್ತದೆ, ಬೇಸರ ಮಾಡಿಕೊಳ್ಳಬೇಡಿ, ಎಂದರಂತೆ.

ಆ ಮೆತ್ತಗಿನ ಮಾತು ನಾಟಿತು. ಅಂದಿನಿಂದ ಸುಮತಿ ತನ್ನ ಕಣ್ಣನ್ನು ತಾನೇ ಪರೀಕ್ಷೆಗೆ ಕೂರಿಸಿದಳು. ಸಯನ್ ಸ್ಟೇಷನ್ನಿನಲ್ಲಿ ದೂರದ ಇಂಡಿಕೇಟರ್ ಓದುವುದು, ಆಮೇಲೆ ಹತ್ತಿರ ಹೋಗಿ ಸರಿಯೇ ಎಂದು ನೋಡುವುದು. ಬಸ್ಸಿನ ನಂಬರು ನನಗಿಂತ ಮೊದಲು ಹೇಳುವುದು, ಹೇಳಿ ನನ್ನ ಮುಖ ನೋಡುವುದು. ಚಹಾದ ಲೋಟ ಕೈಯಲ್ಲಿ ಹಿಡಿದು, ಚಹಾ ನಡುಗುತ್ತಿದೆಯೇ ಎಂದು ದಿಟ್ಟಿಸುವುದು. ಪರೇಲಿನ ಕಣ್ಣಿನ ಡಾಕ್ಟರ ಹತ್ತಿರವೂ ಹೋಗಿ ಬಂದೆವು. ಅವರು ಎಲ್ಲ ಚೆನ್ನಾಗಿದೆ ಎಂದರು. ಅದನ್ನೂ ಇವಳು ವಯಸ್ಸಾದವರಿಗೆ ಹೇಳುವ ಸಮಾಧಾನವೆಂದೇ ತಿಳಿದಳು. ಒಂದು ಸಂಜೆ ಬಟ್ಟೆ ಮಡಿಸುತ್ತ, ಟ್ರಯಲ್ಲಿಗೆ ನಾನು ಹೋಗಲ್ಲ ರೀ, ಜಾಗ ಬೇರೆ ಯಾರಿಗಾದರೂ ಆಗಲಿ, ಎಂದಳು. ಹಠವಿಲ್ಲದ, ಮಡಿಸಿಟ್ಟಂಥ ದನಿ. ಅದು ನನಗೆ ಹಿಡಿಸಲಿಲ್ಲ. ಆದರೂ ಆ ಅರ್ಧ ಸುತ್ತಿಗೂ ಈ ದನಿಗೂ ಸಂಬಂಧವಿರಬಹುದೆಂದು ನನಗೆ ಹೊಳೆಯಲಿಲ್ಲ. ಹೇಗೆ ಹೊಳೆಯಬೇಕು? ನಾನು ಸಡಿಲ ಮಾಡಿರಲಿಲ್ಲವಲ್ಲ.

ಬಿಟ್ಟುಬಿಡುವ ಮುಂಚೆ ಲೆಕ್ಕವನ್ನು ಒಮ್ಮೆ ಮೊದಲಿಂದ ಮಾಡುವುದು ಗಣಿತದವರ ಚಾಳಿ. ಟ್ರಯಲ್ಲಿನ ವಾರ ಸುಮತಿ ಉಂಗುರಗಳನ್ನೆಲ್ಲ ಬಿಚ್ಚಿ, ಸ್ಕ್ರೂಗಳನ್ನು ಒರೆಸಿ, ಎರಡು ಬೆರಳಲ್ಲಿ, ಅಡ್ಡಡ್ಡ, ಮತ್ತೆ ಹಾಕಿದಳು. ಬಿಚ್ಚುವಾಗ ಕೈ ನೋಯುವಷ್ಟು ಕಷ್ಟವಾಯಿತೆಂದು, ಸ್ಕ್ರೂವಿಗೆ ಎಣ್ಣೆ ಹೇಗೆ ಬಂತೋ ಎಂದು ತನ್ನಷ್ಟಕ್ಕೆ ಅಂದುಕೊಂಡಳು. ಆಮೇಲೆ ಸಾವಂತರು ಹೇಳಿಕೊಟ್ಟಿದ್ದ ಒಂದು ಕೆಲಸ ಮಾಡಿದಳು. ಉಗುರಿಗೆ ಹಚ್ಚುವ ಕೆಂಪು ಬಣ್ಣದಿಂದ, ಸ್ಕ್ರೂವಿನ ತಲೆಯಿಂದ ಉಂಗುರದ ಮೈಗೆ ಬರುವಂತೆ ಒಂದೊಂದು ಸಣ್ಣ ಗೆರೆ ಎಳೆದಳು. ಸ್ಕ್ರೂ ಜರುಗಿದರೆ ಗೆರೆ ತುಂಡಾಗುತ್ತದೆ. ಬಂದೂಕಿನ ಅದುರಿಗೆ ಸ್ಕ್ರೂ ಸಡಿಲವಾಗುತ್ತಿದೆಯೇ ಎಂದು ಕಂಡುಹಿಡಿಯುವ ಉಪಾಯ ಅದು. ಗೆರೆ ಎಳೆದು, ಬಂದೂಕನ್ನು ಊಟದ ಮೇಜಿನ ಮೇಲೆ ಬಿಟ್ಟು, ತನ್ನ ಗೆಳತಿಯನ್ನು ನೋಡಲು ಹೋದಳು. ಬರುವಷ್ಟರಲ್ಲಿ ಮಧ್ಯಾಹ್ನದ ಚಹಾದ ಹೊತ್ತು.

ಚಹಾಕ್ಕೆ ನಾವೆಲ್ಲ ಕೂತಿದ್ದೆವು. ಸುಮತಿ ಬಂದೂಕಿನ ಮೇಲೆ ಬಗ್ಗಿ ನೋಡಿದಳು. ಕನ್ನಡಕವಿಲ್ಲದ ಕಣ್ಣಿನಿಂದಲೇ ನೋಡಿದಳು. ಗೆರೆಗಳೆಲ್ಲ ತುಂಡಾಗಿದ್ದವು. ಅವಳು ಚಹಾ ಸೋಸುವುದನ್ನು ನಿಲ್ಲಿಸಿ, ಹಿಂದಿನ ಬೆಂಚಿನವರಿಗೂ ಕೇಳುವಂಥ ಹಳೆಯ ಕ್ಲಾಸಿನ ದನಿಯಲ್ಲಿ ಹೇಳಿದಳು.

"ಸ್ಕ್ರೂ ತಾನಾಗಿ ಸಡಿಲ ಆಗೋದು ಕೇಳಿದ್ದೀನಿ. ತಾನಾಗಿ ಬಿಗಿ ಆಗೋದನ್ನ ಯಾವ ಪುಸ್ತಕದಲ್ಲೂ ಓದಿಲ್ಲ."

ಗೆರೆಗಳು ಬಿಗಿಯುವ ದಿಕ್ಕಿಗೆ ಸರಿದಿದ್ದವು. ಒಂದಲ್ಲ, ಎರಡಲ್ಲ, ಎಂಟೂ.

ಮೊದಲು ಬಾಯಿಬಿಟ್ಟವಳು ಅಮ್ಮ. ನಾನೇನೂ ಮಾಡಿಲ್ಲ, ಅದು ಸಡಿಲ ಇದ್ದ ಹಾಗೆ ಕಾಣಿಸಿತು, ಒಂಚೂರು ತಿರುಗಿಸಿದೆ, ಅಷ್ಟೆ, ಎಂದಳು. ಸಡಿಲ ಇದೆ ಅಂತ ಹೇಗೆ ಗೊತ್ತಾಯಿತು ಅತ್ತೆ ಎಂದರೆ, ಇನ್ನೂ ತಿರುಗುತ್ತಿತ್ತಲ್ಲ, ಎಂದಳು. ನಲ್ಲಿಯ ವಿದ್ಯೆ. ಅಮ್ಮ ಹಿಡಿದದ್ದು ಕೀಯ ಉದ್ದ ಕಾಲನ್ನು. ಬತ್ತಿ ಹೊಸೆಯುವ ಆ ಬೆರಳುಗಳಿಗೆ ಭೀಮನ ಬಲ ಎಲ್ಲಿಂದ ಬಂತೆಂದು ಈಗ ನಿಮಗೂ ಗೊತ್ತು.

ಭಾವ ಕೆಮ್ಮಿದರು. ತಾವು ಮೊದಲ ವಾರವೇ ಹೊಲಿಗೆ ಮಷೀನಿನ ಎಣ್ಣೆ ಒಂದೊಂದು ತೊಟ್ಟು ಬಿಟ್ಟಿದ್ದಾಗಿಯೂ, ಆಮೇಲೆ ಬಂದಾಗಲೆಲ್ಲ ಒಂದೊಂದು ಸುತ್ತು ನೋಡುತ್ತಿದ್ದಾಗಿಯೂ, ಇವತ್ತೂ ನೋಡಿದ್ದಾಗಿಯೂ, ಮಿಲ್ಲಿನಲ್ಲಿ ಎಣ್ಣೆ ಕಾಣದ ಬೋಲ್ಟನ್ನು ಅನಾಥ ಎನ್ನುತ್ತಿದ್ದುದಾಗಿಯೂ ಹೇಳಿದರು. "ಬಂದೂಕು ಒದೆಯುತ್ತಲ್ಲ ಸುಮೂ," ಎಂದರು ಕೊನೆಗೆ, ತಪ್ಪು ಬಂದೂಕಿನದೇ ಎಂಬಂತೆ.

"ಇದು ಒದೆಯಲ್ಲ ಅಣ್ಣ. ಗಾಳಿ. ನೀನು ಸೀನೋದು ಇದಕ್ಕಿಂತ ಜೋರು."

ನನ್ನ ಸರದಿ ಬಂತು. ನಾನು ಖರೀದಿ ವಿಭಾಗದ ಪೂರ್ತಿ ಗಾಂಭೀರ್ಯದಿಂದ, ಅರ್ಧ ಸುತ್ತು ಮಾತ್ರ, ಎಂದೆ. ಇವತ್ತು? ಇವತ್ತೂ ಅರ್ಧವೇ. ಯಾವಾಗ? ಅಮ್ಮ ಮಲಗಿದ್ದಾಗ, ಭಾವ ಬರುವ ಮುಂಚೆ. ಹೀಗೆ ಒಬ್ಬರಿಗೊಬ್ಬರು ತಿಳಿಯದೆ, ಒಬ್ಬರ ಮೇಲೊಬ್ಬರು, ಪ್ರೀತಿಯಿಂದ, ಸರದಿಯ ಮೇಲೆ, ನಾವು ಮೂವರೂ ಆ ದುರ್ಬೀನಿನ ಕತ್ತು ಹಿಸುಕುತ್ತ ಬಂದಿದ್ದೆವು.

ನನಗೆ ನಗು ಬರುತ್ತಿತ್ತು. ಸುಮತಿಯ ಮುಖ ನೋಡಿ ನಿಂತುಹೋಯಿತು. ಅವಳು ಕುರ್ಚಿಯ ಬೆನ್ನು ಹಿಡಿದು ನಿಂತಿದ್ದಳು.

"ಇಷ್ಟು ದಿನದಿಂದ ನಾನು ನನ್ನ ಕಣ್ಣಿಗೆ ಬೈಕೋತಾ ಇದ್ದೀನಿ. ಕೈಗೆ ಬೈಕೋತಾ ಇದ್ದೀನಿ. ಮುಗೀತು ನಂದು ಅಂದ್ಕೊಂಡಿದ್ದೆ."

ಚಹಾದ ಪಾತ್ರೆಯಲ್ಲಿ ಕೆನೆ ಕಟ್ಟುತ್ತಿತ್ತು. ಆಮೇಲೆ ಅಮ್ಮ, ಕ್ಷಮೆ ಕೇಳಿ ಅಭ್ಯಾಸವಿಲ್ಲದವಳು, ತನಗೆ ಬರುವ ಭಾಷೆಯಲ್ಲಿ ಹೇಳಿದಳು. "ನಿನ್ನ ಕಣ್ಣಿಗೆ ಏನಾಗಿದೆಯೇ? ಸಾರಿನಲ್ಲಿ ನನ್ನ ಒಂದು ಕೂದಲು ಬಿದ್ದರೆ ನಿಂಗೆ ಬೀದಿಯಿಂದ ಕಾಣುತ್ತೆ."

ಸುಮತಿ ನಕ್ಕಳು. ನಗುತ್ತ ಕಣ್ಣೊರೆಸಿಕೊಂಡಳು. ಒರೆಸಿಕೊಂಡು, ಎಲ್ಲರೂ ಕೂತ್ಕೊಳ್ಳಿ, ಎಂದಳು. ನಾವು ಆಗಲೇ ಕೂತಿದ್ದೆವು. ಇನ್ನಷ್ಟು ನೆಟ್ಟಗೆ ಕೂತೆವು.

ಅಂದು ನಮ್ಮ ಊಟದ ಮೇಜಿನ ಮೇಲೆ ನಡೆದದ್ದನ್ನು ಪಾಠ ಎನ್ನಲೋ ಪೂಜೆ ಎನ್ನಲೋ ತಿಳಿಯದು. ಅವಳು ಎಂಟೂ ಸ್ಕ್ರೂಗಳನ್ನು ಬಿಚ್ಚಿ ಸ್ಟೀಲಿನ ತಟ್ಟೆಗೆ ಹಾಕಿದಳು. ದುರ್ಬೀನಿನ ಮೈಮೇಲೆ ಉಂಗುರ ಕೂತಿದ್ದ ಕಡೆ ಎರಡು ಮಸುಕಾದ ಬಳೆಯಂಥ ಗುರುತು ಉಳಿದಿದ್ದವು. ಬೆರಳಿಟ್ಟರೆ ಮಾತ್ರ ತಿಳಿಯುವಷ್ಟು. ತಿರುಪು ತಿರುವಿ ನೋಡಿದಳು, ಕಣ್ಣಿಟ್ಟು ನೋಡಿದಳು. ಉಸಿರು ಬಂದಿತ್ತು, ಒಳಗಿನದು ಹೇಳಿದ ಹಾಗೆ ಜರುಗುತ್ತಿತ್ತು. ಎಣ್ಣೆ ಒರೆಸಿದಳು, ಭಾವ ಆಗ ಬೇರೆ ಕಡೆ ನೋಡಿದರು. ಮೇಲಿನ ಹೋಳು ಹೊದಿಸಿದಳು. ಆಮೇಲೆ ಎರಡು ಬೆರಳು. ಈ ಮೂಲೆ, ಎದುರು ಮೂಲೆ, ಆ ಮೂಲೆ, ಅದರೆದುರು. ಸಂದು ನೋಡುವುದು, ಮತ್ತೆ ಚೂರು. ಒಂದು ಹೊತ್ತಿನಲ್ಲಿ ಬೆರಳು ನಿಂತಿತು.

ಭಾವನಿಗೆ ತಡೆಯಲಾಗಲಿಲ್ಲ. ಇನ್ನೂ ಹೋಗುತ್ತೆ ಕಣೇ, ಎಂದರು.

"ಹೋಗುತ್ತೆ ಅಣ್ಣ. ಹೋಗುತ್ತೆ ಅಂತ ಗೊತ್ತಿದ್ದೂ ನಿಲ್ಲಿಸೋದೇ ಕೆಲಸ," ಎಂದಳು.

ಭಾನುವಾರದ ಟ್ರಯಲ್ಲಿನವರೆಗೂ ಬಂದೂಕು ಊಟದ ಮೇಜಿನ ಮೇಲೆಯೇ ಇತ್ತು. ಅವಳು ಬಚ್ಚಿಡಲಿಲ್ಲ, ಮುಟ್ಟಬೇಡಿ ಎಂದೂ ಹೇಳಲಿಲ್ಲ. ಹೊಸದಾಗಿ ಎಳೆದ ಕೆಂಪು ಗೆರೆಗಳು ಮಾತ್ರ ನಮ್ಮನ್ನು ನೋಡುತ್ತಿದ್ದವು. ಅಮ್ಮ ಅದರ ಪಕ್ಕ ಹಾದುಹೋಗುವಾಗ ಎರಡೂ ಕೈಯನ್ನು ಸೆರಗಿನೊಳಗೆ ಸುತ್ತಿಕೊಳ್ಳುತ್ತಿದ್ದಳು. ಭಾವ ಊಟಕ್ಕೆ ಬಂದರೆ ಬೆನ್ನು ಮಾಡಿ ಕೂರುತ್ತಿದ್ದರು. ನಾನು ಗೆರೆಗಳನ್ನು ಎಣಿಸಿ, ತುಂಡಾಗಿಲ್ಲವೆಂದು ನೋಡಿಕೊಂಡು, ಯಾರೂ ಮುಟ್ಟಿಲ್ಲವಲ್ಲ ಎಂದು ನೋಡುವುದೂ ಒಂದು ಬಗೆಯ ಮುಟ್ಟುವುದೇ ಅಲ್ಲವೇ ಎನ್ನಿಸಿ ಅದನ್ನೂ ಬಿಟ್ಟೆ. ನಡುವೆ ಒಂದು ದಿನ ಅವಳು ಕ್ಲಬ್ಬಿಗೆ ಹೋಗಿ ಗುರಿ ಸರಿಮಾಡಿಕೊಂಡು ಬಂದಳು. ಹೇಗಾಯಿತು ಎಂದು ಕೇಳಿದರೆ, ಆಯ್ತು, ಎಂದಳು.

ಭಾನುವಾರ ನಾವೆಲ್ಲ ಹೋದೆವು. ಅಮ್ಮ ಮತ್ತು ಭಾವ ಬಂದೂಕಿನೊಂದಿಗೆ ಟ್ಯಾಕ್ಸಿಯಲ್ಲಿ, ನಾವಿಬ್ಬರು ಲೋಕಲ್ ರೈಲಿನಲ್ಲಿ. ಬಂದೂಕನ್ನು ಅವರಿಬ್ಬರ ನಡುವೆ ಸೀಟಿನ ಮೇಲೆ ಇಟ್ಟು ಬಾಗಿಲು ಹಾಕಿದವಳು ಸುಮತಿಯೇ. ನಾನು ಅವಳ ಮುಖ ನೋಡಿದೆ. ಅವಳು ಟ್ಯಾಕ್ಸಿಯವನಿಗೆ ದಾರಿ ಹೇಳುತ್ತಿದ್ದಳು.

ಕ್ಲಬ್ಬಿನಲ್ಲಿ ನೋಡುವವರನ್ನು ಗಾಜಿನ ಆಚೆ ಕೂರಿಸುತ್ತಾರೆ. ಶೂಟರಿನ ಸಾಮಾನನ್ನು ಬೇರೆ ಯಾರೂ ಮುಟ್ಟುವಂತಿಲ್ಲ ಎಂಬುದು ಅಲ್ಲಿಯ ನಿಯಮ. ನಮ್ಮಂಥ ಸಂಸಾರ ಹಿಂದೆ ಯಾವಾಗಲೋ ಬಂದುಹೋಗಿರಬೇಕು. ನಮ್ಮ ಮುಂದೆ ಒಂದು ಟಿವಿಯಲ್ಲಿ ಒಬ್ಬೊಬ್ಬರ ಕಾಗದವೂ ಕಾಣುತ್ತಿತ್ತು. ಸುಮತಿ ಕೂತಳು, ಭುಜ ಇಳಿಸಿದಳು, ಕೆನ್ನೆಯನ್ನು ಬಂದೂಕಿನ ಮರದ ಹಿಡಿಗೆ ಒರಗಿಸಿದಳು. ಮೊದಲ ಗುಂಡು ನಡುವೆ. ಎರಡನೆಯದು ನಡುವೆ. ಹಾಗೇ ಸಾಲಾಗಿ ಹೋಗುತ್ತಿತ್ತು. ಅಮ್ಮ, ಇಷ್ಟೇನಾ, ಎಂದಳು ಸ್ವಲ್ಪ ನಿರಾಶೆಯಿಂದ. ಸದ್ದೇ ಇರಲಿಲ್ಲ ನೋಡಿ.

ಅರ್ಧ ದಾಟಿದ ಮೇಲೆ ಒಂದು ಗುಂಡು ವೃತ್ತದ ಹೊರ ಅಂಚಿಗೆ ಹೋಯಿತು.

ನಾವು ಮೂವರೂ ಒಟ್ಟಿಗೆ ಎದ್ದುನಿಂತೆವು. ಭಾವನ ಬಲಗೈ ಗಾಳಿಯಲ್ಲಿ ತಾನಾಗಿ ತಿರುಗುತ್ತಿತ್ತು. ಸುಮತಿ ಮೇಜಿನ ಪಕ್ಕದ ಚೀಲಕ್ಕೆ ಕೈಹಾಕಿದಳು. ಕೀ ತೆಗೆಯುತ್ತಾಳೆ, ಬಿಚ್ಚಿ ನೋಡುತ್ತಾಳೆ, ಮುಗಿಯಿತು ಎಂದುಕೊಂಡೆ. ಅವಳು ನೀರಿನ ಬಾಟಲಿ ತೆಗೆದು ಒಂದು ಗುಟುಕು ಕುಡಿದಳು. ಸ್ಕೋಪಿನ ಕಡೆ ತಿರುಗಿಯೂ ನೋಡಲಿಲ್ಲ. ಮುಂದಿನ ಗುಂಡು ಹಾಕಿ, ಮತ್ತೆ ಕೆನ್ನೆ ಒರಗಿಸಿದಳು. ನಡುವೆ. ಆಮೇಲಿನದೂ ನಡುವೆ. ಕಡೆಯವರೆಗೂ.

ತಂಡದ ಹೆಸರುಗಳನ್ನು ಸಾವಂತರು ಓದಿದಾಗ ಅವಳದು ಕೊನೆಯ ಹೆಸರು. ಕೊನೆಯದಾದರೂ ಅದನ್ನು ಓದುವಾಗ ಅವರ ದನಿಯಲ್ಲಿ ವಯಸ್ಸಿನ ಸುದ್ದಿ ಇರಲಿಲ್ಲ. ಅಮ್ಮ, ಭಾವ, ಬಂದೂಕು ಬಂದ ಹಾಗೆಯೇ ಟ್ಯಾಕ್ಸಿ ಹತ್ತಿದರು. ನಾವಿಬ್ಬರು ವಿಕ್ರೋಳಿ ಸ್ಟೇಷನ್ನಿಗೆ ನಡೆದೆವು. ಪ್ಲಾಟ್‌ಫಾರ್ಮಿನ ಮೇಲೆ, ತಡೆಯಲಾರದೆ ಕೇಳಿದೆ. ಆ ಒಂದು ಗುಂಡು ಆಚೆ ಹೋಯಿತಲ್ಲ, ಆಗ ಸ್ಕ್ರೂ ಒಮ್ಮೆ ನೋಡಬೇಕು ಅನ್ನಿಸಲಿಲ್ಲವೇ ನಿನಗೆ?

"ಸ್ಕ್ರೂ ಯಾಕೆ ನೋಡ್ಲಿ? ಅದು ನಂದೇ ತಪ್ಪು. ಗಾಜಿನ ಆಚೆ ನಮ್ಮಣ್ಣ ಉಸಿರು ಬಿಗಿ ಹಿಡಿದು ಕೂತಿರೋದು ನೆನಪಾಯ್ತು. ನಗು ಬಂತು. ಹೋಯ್ತು ಗುಂಡು."

ನಂದೇ ತಪ್ಪು ಎಂಬ ಮಾತನ್ನು ಅಷ್ಟು ಖುಷಿಯಾಗಿ ಯಾರೂ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಹುಳಿಗೆ ಒಂದು ಕಲ್ಲು ಉಪ್ಪು ಹೆಚ್ಚಾಯಿತು ಎನ್ನುವಷ್ಟು ಹಗುರವಾಗಿ ಹೇಳಿದಳು. ನಮ್ಮ ಮೂವರ ಕೈವಾಡವನ್ನು ತನ್ನ ಮುಪ್ಪೆಂದು ಹೊತ್ತುಕೊಂಡು ದಿನಗಟ್ಟಲೆ ಕುಗ್ಗಿದ್ದವಳಿಗೆ, ಬೇರೆ ಯಾರ ಕೈಯೂ ತಾಕದ, ಪೂರ್ತಿ ತನ್ನದೇ ಆದ ಒಂದು ತಪ್ಪು ಸಿಕ್ಕಿತ್ತು.

ಲೋಕಲ್ ಬಂತು. ಅವಳು ಲೇಡೀಸ್ ಡಬ್ಬಿಗೆ ಹತ್ತಿದಳು, ನಾನು ಪಕ್ಕದ್ದಕ್ಕೆ. ಬಾಗಿಲಲ್ಲಿ ನಿಂತು, ಸಯನ್ನಿನಲ್ಲಿ ಇಳೀಬೇಕು, ಮರೀಬೇಡ, ಎಂದು ಕೂಗಿ ಹೇಳಲು ಬಾಯಿ ತೆರೆದೆ. ಮದುವೆಯಾದಾಗಿನಿಂದ ಅವಳು ಇಳಿಯುವುದು ಅಲ್ಲೇ. ಬಾಯಿ ಮುಚ್ಚಿಕೊಂಡೆ.